ಅರ್ಥದ ನಡುವೆ ಕತ್ತರಿ ಹಾಕಬೇಡಿ

ನಿನ್ನೆಯಿಂದ ತಲೆಬಿಸಿ ಆಗಿದೆ. ದೊಡ್ಡಪ್ಪ ಹಳೇ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಶಿರಸಿಯ ಒಂದು ಅಂಗಡಿಗೆ ಕೊಟ್ಟು ಸಿಡಿ ಮಾಡಿಸಿದ್ದಾರೆ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ; ಅದರಲ್ಲಿ ಪದ್ಯದ ಮೇಲೆ ಪಾತ್ರವಾಗಿ ಆಡುವ ಮಾತೇ 'ಅರ್ಥ'. ಇದು ಸುಮಾರು ಆರು ಗಂಟೆಯ ಕೂಟ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಿದ್ದಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ... ಅಲ್ಲಿಗೆ ದನಿ ಕಟ್. ಎರಡು ಸೆಕೆಂಡ್ ಮೌನ. ಆಮೇಲೆ ಮುಂದಿನ ಟ್ರ್ಯಾಕ್‌ನಲ್ಲಿ 'ಧರ್ಮ' ಅಂತ ಶುರು!

ಅಂಗಡಿಯವರು ಇಡೀ ಕೂಟವನ್ನು ಐದೈದು ನಿಮಿಷಕ್ಕೆ ತುಂಡು ಮಾಡಿದ್ದಾರೆ. ಒಂದು ಸಲವೂ ಕೇಳಿಲ್ಲ.

ಕತ್ತರಿಸಲೇಬೇಕು, ಒಪ್ಪುತ್ತೇನೆ. ಆಡಿಯೊ ಸಿಡಿ ಹಿಡಿಯುವುದೇ 74 ಅಥವಾ 80 ನಿಮಿಷ. 90 ನಿಮಿಷದ ಸಿ-90 ಕ್ಯಾಸೆಟ್‌ನ ಎರಡೂ ಬದಿ ಒಂದು ಸಿಡಿಯಲ್ಲಿ ಕೂರುವುದಿಲ್ಲ. ಆರು ಗಂಟೆಗೆ ಐದು ಸಿಡಿ ಬೇಕು. ಆದರೆ 80 ನಿಮಿಷದ ಐದು ಸಿಡಿಗೆ 400 ನಿಮಿಷ ಜಾಗ ಇದೆ, ನಮಗೆ ಬೇಕಾದದ್ದು 360. ಅಂದರೆ ಹಿಂದೆ ಮುಂದೆ ಸರಿಯಲು 40 ನಿಮಿಷ ಕೈಯಲ್ಲಿದೆ. ಎಲ್ಲಿ ನಿಲ್ಲಿಸಬೇಕು ಅಂತ ತಾಳಮದ್ದಳೆಯೇ ಹೇಳಿಕೊಡುತ್ತದೆ. ಅರ್ಥ ಹೇಳುವ ಅರ್ಥಧಾರಿ ಮಾತು ಕಟ್ಟುತ್ತಾ ಹೋಗಿ, ಹಾಡುವ ಭಾಗವತರಿಗೆ ಪದ್ಯ ಎತ್ತಲು ಜಾಗ ಬಿಡುತ್ತಾರಲ್ಲ, ಅಲ್ಲೇ ಕತ್ತರಿ ಹಾಕಬೇಕು. ಒಂದು ಪದ್ಯ, ಅದರ ಅರ್ಥ, ಒಂದು ಟ್ರ್ಯಾಕ್. ಒಂದು ಸಿಡಿಯಲ್ಲಿ 99 ಟ್ರ್ಯಾಕ್‌ವರೆಗೂ ಹಾಕಬಹುದು. ಬೇಕಾದ ಪದ್ಯಕ್ಕೆ ಬಟನ್ ಒತ್ತಿ ಹೋಗಬಹುದು.

ದನಿ ಕತ್ತರಿಸಿ ಜೋಡಿಸುವ ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇದು ಕಷ್ಟವಲ್ಲ, ದುಡ್ಡೂ ಬೇಡ. ಕೇಳುತ್ತಾ ಹೋಗಿ ಬೇಕಾದ ಜಾಗಕ್ಕೆ ಲೇಬಲ್ ಹಾಕಿದರೆ, ಕೊನೆಗೆ ಎಲ್ಲ ಟ್ರ್ಯಾಕ್‌ಗಳನ್ನೂ ಒಟ್ಟಿಗೆ ಬೇರೆ ಬೇರೆ ಫೈಲ್ ಮಾಡಿಕೊಡುತ್ತದೆ. ಸಿಡಿಯಲ್ಲಿ ದನಿ ಫ್ರೇಮ್ ಅನ್ನುವ ಸಣ್ಣ ತುಣುಕುಗಳಾಗಿ ಇರುತ್ತದೆ, ಸೆಕೆಂಡಿಗೆ 75. ಕತ್ತರಿಸುವ ಜಾಗ ಫ್ರೇಮಿನ ಅಂಚಿಗೇ ಬರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಉಳಿದ ಚೂರು ಜಾಗಕ್ಕೆ ಮೌನ ತುಂಬಿ, ಜೋಡಣೆಯಲ್ಲಿ ಟಕ್ ಅಂತ ಸದ್ದು ಬರಬಹುದು. ಬರ್ನ್ ಮಾಡುವಾಗ ಡಿಸ್ಕ್ ಅಟ್ ಒನ್ಸ್ (ಇಡೀ ಸಿಡಿಯನ್ನು ತಡೆಯದೆ ಒಂದೇ ಸಲ ಬರೆಯುವುದು) ಅಂತ ಆರಿಸಿ, ಟ್ರ್ಯಾಕ್‌ಗಳ ನಡುವಿನ ಎರಡು ಸೆಕೆಂಡನ್ನು ಸೊನ್ನೆ ಮಾಡಬೇಕು. ಆಗ ಮದ್ದಳೆಯ ಪೆಟ್ಟು ಎಲ್ಲೂ ತಪ್ಪುವುದಿಲ್ಲ. ಇಷ್ಟೂ ಗೊತ್ತಿರುವವರೇ ಹೀಗೆ ಮಾಡಿದರೆ ಸಿಟ್ಟು ಬರುವುದಿಲ್ವಾ?

'ಈ ಕಾಲದಲ್ಲಿ ಸಿಡಿ ಯಾರಿಗೆ ಬೇಕು, ಯೂಟ್ಯೂಬಿಗೆ ಹಾಕಿ' ಅಂತ ಕೆಲವರು ಹೇಳುತ್ತೀರಿ. ಮಳೆಗಾಲದಲ್ಲಿ ಸಿದ್ದಾಪುರದ ಒಳಗಿನ ಊರಿಗೆ ಬಂದು ನೋಡಿ. ದೊಡ್ಡಪ್ಪನ ಮನೆ ಜಗುಲಿಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಅವರ ಕಣ್ಣಿಗೆ ಫೋನಿನ ಅಕ್ಷರ ಕಾಣುವುದಿಲ್ಲ. ಎಂಪಿ3 ಮಾಡಿದರೆ ಆರು ಗಂಟೆಯೂ ಒಂದೇ ಸಿಡಿಯಲ್ಲಿ ಹಿಡಿಯುತ್ತದೆ, ನಿಜ. ಆದರೆ ಅವರ ಹಳೇ ಪ್ಲೇಯರ್ ಅದನ್ನು ಓದುವುದೇ ಇಲ್ಲ. ಅವರಿಗೆ ಬೇಕಾದದ್ದು ದೊಡ್ಡ ಬಟನ್ ಇರುವ ಆ ಪ್ಲೇಯರ್‌ನಲ್ಲಿ ಹಾಡುವ ಮಾಮೂಲಿ ಸಿಡಿ. ಅದನ್ನು ಕೊಡಲಾಗದಷ್ಟು ಬಡವರಾದೆವಾ ನಾವು?

ಇನ್ನೊಂದು ಹೇಳಿಬಿಡುತ್ತೇನೆ. ಆ ವಾಲಿ ನನ್ನ ಅಪ್ಪ. ಅಪ್ಪ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಅವರ ದನಿ ಉಳಿದಿರುವುದು ಈ ಕ್ಯಾಸೆಟ್‌ಗಳಲ್ಲಿ ಮಾತ್ರ. ಅವರು ಮಾತಿನ ನಡುವೆ ಬೇಕೆಂದೇ ಸ್ವಲ್ಪ ತಡೆದು ನಿಲ್ಲುತ್ತಿದ್ದರು. ಸಭೆ ಉಸಿರು ಹಿಡಿದು ಕಾಯುತ್ತಿತ್ತು. ಆ ತಡೆ ಅವರದ್ದು. ಯಂತ್ರ ತುರುಕಿದ ಎರಡು ಸೆಕೆಂಡ್ ಅವರದ್ದಲ್ಲ. ಕೇಳುವ ಮೊಮ್ಮಕ್ಕಳಿಗೆ ಈ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾ ಕಡೆ ಇಂಥ ಕ್ಯಾಸೆಟ್ ಇನ್ನೂ ಎಷ್ಟೋ ಮನೆಯ ಕಪಾಟಿನಲ್ಲಿವೆ. ಕೊಡುವ ಮೊದಲು ಯಾವ ಪದ್ಯ ಎಲ್ಲಿ ಶುರು ಅಂತ ಒಂದು ಚೀಟಿ ಬರೆದುಕೊಡಿ. ಕತ್ತರಿಸದ, ದನಿಯನ್ನು ಕುಗ್ಗಿಸದೆ ಇಡುವ ಪೂರ್ತಿ ವೇವ್ ಫೈಲ್ ಕೇಳಿ ಪಡೆಯಿರಿ. ಆರು ಗಂಟೆಗೆ 4 ಜಿಬಿಯೂ ಆಗುವುದಿಲ್ಲ, ಸಣ್ಣ ಪೆನ್‌ಡ್ರೈವ್ ಸಾಕು. ಕ್ಯಾಸೆಟ್ ಮಾತ್ರ ಎಸೆಯಬೇಡಿ. ನಮ್ಮದನ್ನು ವಾಪಸ್ ತಂದಿದ್ದೇನೆ. ಈ ಸಲ ನಾನೇ ಕೂತು ಕೇಳಿ ಕತ್ತರಿಸುತ್ತೇನೆ.