ಹಡಲ್ ಹುಟ್ಟಿದ ಕಾಲೇಜು

ಮೊನ್ನೆ ಇಲ್ಲಿ ಮೇರಿಲ್ಯಾಂಡಿನಲ್ಲಿ ನಮ್ಮ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದೆವು. ಗೆಳೆಯರೊಬ್ಬರು ಫೋನಿನಲ್ಲಿ ಗ್ಯಾಲಡೆಟ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಟೀಮಿನ ವಿಡಿಯೋ ತೋರಿಸಿ, "ಪಾಪ, ಕಿವಿ ಕೇಳಲ್ಲ, ಆದ್ರೂ ಹೆಂಗೆ ಆಡ್ತಾರೆ ನೋಡಿ" ಅಂದರು. ಅವರ ಮನಸ್ಸು ಒಳ್ಳೆಯದು, ಅದು ನನಗೆ ಗೊತ್ತು. ಆದರೆ ಆ "ಪಾಪ" ಮನಸ್ಸಿಗೆ ಚುಚ್ಚಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಗ್ಯಾಲಡೆಟ್ ಇರುವುದು ವಾಷಿಂಗ್ಟನ್ ಡಿ.ಸಿ.ಯಲ್ಲಿ. ಕಿವಿ ಕೇಳದವರಿಗಾಗಿಯೇ ಇರುವ ಯೂನಿವರ್ಸಿಟಿ. ಪದವಿ ಕೊಡುವ ಅಧಿಕಾರ ಸಿಕ್ಕಿದ್ದು 1864ರಲ್ಲಿ, ಲಿಂಕನ್ ಸಹಿಯಿಂದ. ಪಾಠ, ಹರಟೆ, ಜಗಳ ಎಲ್ಲಾ ಸನ್ನೆ ಭಾಷೆಯಲ್ಲೇ. ಫುಟ್‌ಬಾಲ್ ಟೀಮಿನ ಹೆಸರು ಬೈಸನ್. ಆಡುವುದು ಕಾಲೇಜು ಆಟಗಳ ಮೂರನೇ ದರ್ಜೆಯಾದ ಡಿವಿಷನ್ 3ರಲ್ಲಿ. ಅಂದರೆ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ, ಓದಿಕೊಂಡೇ ಆಡಬೇಕು.

ಅಮೆರಿಕನ್ ಫುಟ್‌ಬಾಲ್ ನೋಡಿದವರಿಗೆ ಗೊತ್ತಿರುತ್ತೆ, ಪ್ರತಿ ಪ್ಲೇಗೂ, ಅಂದರೆ ಬಾಲು ಎತ್ತಿ ಆಡುವ ಪ್ರತಿ ಸರದಿಗೂ, ಮುಂಚೆ ಆಟಗಾರರು ತಲೆಗೆ ತಲೆ ಕೊಟ್ಟು ದುಂಡಗೆ ನಿಲ್ಲುತ್ತಾರಲ್ಲ, ಹಡಲ್ ಅಂತ. ಅದು ಹುಟ್ಟಿದ್ದು ಇದೇ ಕಾಲೇಜಿನಲ್ಲಿ ಅಂತ ಬಹಳ ಜನ ಒಪ್ಪುತ್ತಾರೆ. 1894ರಲ್ಲಿ ಪಾಲ್ ಹಬ್ಬರ್ಡ್ ಅನ್ನುವವರು ಇಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಟೀಮಿನ ಆಟ ನಡೆಸುವವರು. ಎದುರಾಳಿ ಟೀಮೂ ಕಿವಿ ಕೇಳದವರದ್ದೇ ಆದರೆ ಸನ್ನೆಯಲ್ಲಿ ಕೊಟ್ಟ ಗುಟ್ಟೆಲ್ಲ ಅವರಿಗೂ ಗೊತ್ತಾಗಿಬಿಡುತ್ತಿತ್ತು. ಅದಕ್ಕೆ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು, ಮಧ್ಯದಲ್ಲಿ ಕೈ ಮರೆಮಾಡಿ ಪ್ಲೇ ಹೇಳಿದರು. ಇವತ್ತು ದೇಶವೆಲ್ಲ ಅದೇ ರೂಢಿ. ಇಂಥ ಕಾಲೇಜಿಗೆ ನಾವು "ಪಾಪ" ಅನ್ನುವುದಾ?

ಆಟದ ಲೆಕ್ಕದಲ್ಲೇ ನೋಡೋಣ. ಬಾಲು ಎತ್ತುವ ಮುಂಚೆ ಕ್ವಾರ್ಟರ್‌ಬ್ಯಾಕ್‌ಗಳು ಕೂಗುತ್ತಾರೆ. ಬೇಕಂತಲೇ ದನಿ ಏರಿಸಿ, ಎದುರಿನವರು ದುಡುಕಿ ನುಗ್ಗುವಂತೆ ಮಾಡುತ್ತಾರೆ. ನುಗ್ಗಿದರೆ 5 ಗಜ ಪೆನಾಲ್ಟಿ. ಬೈಸನ್ ಹುಡುಗರ ಹತ್ತಿರ ಈ ಉಪಾಯ ನಡೆಯಲ್ಲ. ಅವರ ಕಣ್ಣು ಬಾಲಿನ ಮೇಲೇ ಇರುತ್ತದೆ. ಕಷ್ಟವೂ ಇದೆ. ಸೀಟಿ ಕೇಳುವುದಿಲ್ಲ. "ಹಿಂದೆ ಬಂದ, ನೋಡ್ಕೋ" ಅಂತ ಕೂಗಿ ಹೇಳಲಾಗುವುದಿಲ್ಲ. ಕೊನೇ ಗಳಿಗೆಯಲ್ಲಿ ಪ್ಲೇ ಬದಲಾಯಿಸಬೇಕಾದರೆ ಎಲ್ಲರೂ ತಿರುಗಿ ನೋಡಬೇಕು. ಒಬ್ಬ ನೋಡದಿದ್ದರೂ ಕೆಟ್ಟಿತು.

ಇಷ್ಟೆಲ್ಲ ಇಟ್ಟುಕೊಂಡು 2013ರ ಸೀಸನ್ ಆಡಿದರು. ಡಿವಿಷನ್ 3ಕ್ಕೆ ವಾಪಸ್ಸು ಬಂದು ಆರು ವರ್ಷವಷ್ಟೇ ಆಗಿತ್ತು. ಕೋಚ್ ಚಕ್ ಗೋಲ್ಡ್‌ಸ್ಟೀನ್‌ಗೆ ಕಿವಿ ಕೇಳುತ್ತದೆ, ಹುಡುಗರಿಗಾಗಿ ಸನ್ನೆ ಭಾಷೆ ಕಲಿತವರು. ಆ ವರ್ಷ ಪ್ಲೇಆಫ್‌ಗೆ ಮುಂಚಿನ 10 ಪಂದ್ಯದಲ್ಲಿ 9 ಗೆಲುವು. ಕಾನ್ಫರೆನ್ಸ್, ಅಂದರೆ ತಮ್ಮ ಕಾಲೇಜುಗಳ ಗುಂಪಿನ, ಚಾಂಪಿಯನ್. ಕಾಲೇಜಿನ ಚರಿತ್ರೆಯಲ್ಲೇ ಮೊದಲ ಸಲ ಪ್ಲೇಆಫ್, ಅಂದರೆ ದೇಶದ ಮಟ್ಟದ ನಾಕೌಟ್ ಸುತ್ತು. ಅಲ್ಲಿ ಹೋಬಾರ್ಟ್ ಕಾಲೇಜಿನ ಎದುರು 34-7ಕ್ಕೆ ಸೋತರು. ಆ ಸೋಲಿನ ಮೇಲೂ ನನಗೆ ಗೌರವ. ಹೋಬಾರ್ಟ್‌ನವರು ಇವರನ್ನು ಗಟ್ಟಿ ಎದುರಾಳಿ ಅಂತಲೇ ಆಡಿದರು, ಮುಲಾಜಿಗೆ ಅಂತ ಒಂದು ಗಜವೂ ಬಿಟ್ಟುಕೊಡಲಿಲ್ಲ. ಆಟದಲ್ಲಿ ಮರ್ಯಾದೆ ಅಂದರೆ ಅದೇ ಅಲ್ವಾ?

2023ರ ಅಕ್ಟೋಬರ್ 7ಕ್ಕೆ ನಾನೇ ಅವರ ಮೈದಾನಕ್ಕೆ ಹೋಗಿದ್ದೆ. ಆ ಸೀಸನ್ ಚೆನ್ನಾಗಿರಲಿಲ್ಲ, ಮೊದಲ ನಾಲ್ಕೂ ಪಂದ್ಯ ಸೋತಿದ್ದರು. ಅವತ್ತು ಎದುರಿಗೆ ಹಿಲ್ಬರ್ಟ್ ಕಾಲೇಜು. ದೊಡ್ಡ ಡೋಲು ಬಾರಿಸುತ್ತಿದ್ದರೆ ಕೂತ ಹಲಗೆ ಅದುರಿ ಎದೆಯೊಳಗೆ ಗುಂ ಅನ್ನುತ್ತಿತ್ತು. ಬಾಲು ಎದುರಿನವರ ಕೊನೆ ಗೆರೆ ದಾಟಿ ಟಚ್‌ಡೌನ್ ಆದಾಗ ಚಪ್ಪಾಳೆಯ ಬದಲು ಸಾಲು ಸಾಲಾಗಿ ಕೈಗಳು ಮೇಲೆದ್ದವು, ಬೆರಳೆಲ್ಲ ಎಲೆ ಅಲುಗಿದ ಹಾಗೆ ಅಲುಗಿದವು. ನಾನೂ ಕೈ ಎತ್ತಿದೆ. ಅವತ್ತು ಕ್ವಾರ್ಟರ್‌ಬ್ಯಾಕ್ ಹೊಸ ಹೆಲ್ಮೆಟ್ ಹಾಕಿದ್ದ. ಎಟಿ ಅಂಡ್ ಟಿ ಫೋನ್ ಕಂಪನಿ ಜೊತೆ ಸೇರಿ ಮಾಡಿದ್ದು. ಕೋಚ್ ಟ್ಯಾಬ್ಲೆಟ್‌ನಲ್ಲಿ ಪ್ಲೇ ಒತ್ತಿದರೆ ಅವನ ಕಣ್ಣ ಮುಂದಿನ ಪುಟ್ಟ ಗಾಜಿನಲ್ಲಿ ಕಾಣುತ್ತದೆ. ಆ ಒಂದು ಪಂದ್ಯಕ್ಕೆ ಮಾತ್ರ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಒಪ್ಪಿತ್ತು. 34-20ಕ್ಕೆ ಗೆದ್ದರು. ಆಮೇಲೆ ನನ್ನ ಹತ್ತಿರ ಮಾತಾಡಿದವರೆಲ್ಲ ಹೆಲ್ಮೆಟ್ ಹೆಲ್ಮೆಟ್ ಅಂದರು. ಒಳ್ಳೇ ಸಾಮಾನು, ನಿಜ. ಆದರೆ ಎದುರಿನವನನ್ನು ತಡೆದು ದಾರಿ ಮಾಡಿಕೊಟ್ಟಿದ್ದು, ಬಾಲು ಹಿಡಿದು ಓಡಿದ್ದು ಹುಡುಗರು.

ನನ್ನ ಚಿಕ್ಕಪ್ಪನ ಮಗನಿಗೆ ಹುಟ್ಟಿನಿಂದ ಕಿವಿ ಕೇಳಲ್ಲ. ಊರಿನಲ್ಲಿ ಕ್ರಿಕೆಟ್ ಆಡುವಾಗ ಅವನನ್ನು ತೆಂಗಿನ ತೋಟದ ಬೇಲಿ ಹತ್ತಿರ ನಿಲ್ಲಿಸುತ್ತಿದ್ದೆವು. ಕತ್ತಲಾಗುವ ಹೊತ್ತಿಗೆ ಯಾರಾದರೂ "ಪಾಪ, ಅವನಿಗೂ ಒಂದು ಓವರ್ ಬ್ಯಾಟಿಂಗ್ ಕೊಡ್ರೋ" ಅನ್ನುತ್ತಿದ್ದರು. ಎಷ್ಟೋ ಸಲ ಅಂದವನು ನಾನೇ. ಅವನು ಹಿಡಿದ ಕ್ಯಾಚುಗಳನ್ನು ಯಾರೂ ಲೆಕ್ಕ ಇಡಲಿಲ್ಲ.

ಆ ಪಂದ್ಯದ ರಾತ್ರಿ ಅವನಿಗೆ ವಿಡಿಯೋ ಕಾಲ್ ಮಾಡಿ ಮೈದಾನದ ದೃಶ್ಯ ತೋರಿಸಿದೆ. ಡೋಲು, ಮೇಲೆದ್ದ ಕೈಗಳು, ಹೆಲ್ಮೆಟ್. ಎಲ್ಲಾ ಸುಮ್ನೆ ನೋಡಿದ. ಆಮೇಲೆ ಎರಡೂ ಕೈಯ ಬೆರಳು ಬಿಡಿಸಿ ಹುಬ್ಬು ಹಾರಿಸಿದ: ಎಷ್ಟಕ್ಕೆ ಎಷ್ಟು?

ಮೂರು ಬೆರಳು ತೋರಿಸಿದೆ, ಆಮೇಲೆ ನಾಲ್ಕು. ಆಮೇಲೆ ಎರಡು, ಸೊನ್ನೆ.