ರೋಮಿಯೋ-ಜೂಲಿಯೆಟ್ ಸತ್ತದ್ದು ಹಣೆಬರಹದಿಂದಲೇ?

ಪರ

ನಮ್ಮ ಬೆಳಗಾವಿ ಕಡೆ ಮದುವೆ ಕೂಡಿಬಂದರೆ ಋಣಾನುಬಂಧ ಅಂತಾರೆ, ಮುರಿದುಬಿದ್ದರೆ ಋಣ ಇರಲಿಲ್ಲ ಅಂತಾರೆ. ಶೇಕ್ಸ್‌ಪಿಯರ್‌ನ ನಾಟಕವೂ ಹೀಗೇ ಶುರುವಾಗುತ್ತದೆ. ಈ ಪ್ರೇಮಿಗಳ ಗ್ರಹಗತಿ ಕೆಟ್ಟದ್ದು, ಇಬ್ಬರೂ ಸಾಯುತ್ತಾರೆ ಎಂದು ಮೊದಲ ಪದ್ಯದಲ್ಲೇ ಹೇಳಿಬಿಡುತ್ತಾನೆ.

ಆಮೇಲೆ ಏನಾಗುತ್ತದೆ ನೋಡಿ. ಜೂಲಿಯೆಟ್‌ಳ ಅಪ್ಪ ಕ್ಯಾಪುಲೆಟ್‌ನ ಮನೆಯ ಆಳಿನ ಕೈಗೆ ಔತಣಕ್ಕೆ ಕರೆಯಬೇಕಾದವರ ಪಟ್ಟಿ ಕೊಟ್ಟಿದ್ದಾರೆ. ಅವನಿಗೆ ಓದು ಬರುವುದಿಲ್ಲ. ಬೀದಿಯಲ್ಲಿ ಸಿಕ್ಕವನಿಗೆ ಓದಿ ಹೇಳಿ ಎನ್ನುತ್ತಾನೆ. ಸಿಕ್ಕವನು ವೈರಿ ಮನೆಯ ರೋಮಿಯೋ! ಆ ಆಳಿಗೆ ನಾಲ್ಕಕ್ಷರ ಬರುತ್ತಿದ್ದರೆ ರೋಮಿಯೋ ಆ ರಾತ್ರಿ ಅಲ್ಲಿಗೆ ಹೋಗುತ್ತಲೇ ಇರಲಿಲ್ಲವೇನೋ.

ಪತ್ರದ ಕಥೆಯೂ ಅಷ್ಟೇ. ಗುಟ್ಟಾಗಿ ರೋಮಿಯೋನನ್ನು ಮದುವೆಯಾಗಿದ್ದ ಜೂಲಿಯೆಟ್, ಮನೆಯವರು ಗೊತ್ತುಮಾಡಿದ ಇನ್ನೊಂದು ಮದುವೆ ತಪ್ಪಿಸಿಕೊಳ್ಳಲು ಕುಡಿದದ್ದು 42 ಗಂಟೆ ಸತ್ತಂತೆ ಮಲಗಿಸುವ ಔಷಧ. ಬೇರೆ ಊರಿನಲ್ಲಿದ್ದ ರೋಮಿಯೋಗೆ ಅದನ್ನು ತಿಳಿಸಲು, ಔಷಧ ಕೊಟ್ಟ ಪಾದ್ರಿ ಬರೆದ ಪತ್ರ ಒಯ್ಯಬೇಕಿದ್ದ ಸನ್ಯಾಸಿಯನ್ನು ಪ್ಲೇಗಿನ ಅನುಮಾನದಲ್ಲಿ ಒಂದು ಮನೆಯೊಳಗೆ ಕೂಡಿಹಾಕಿ, ಬಾಗಿಲಿಗೆ ಮುದ್ರೆ ಒತ್ತಿದರು. ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ ನಮ್ಮ ಹಿರಿಯರ ಬಾಯಲ್ಲೂ ಇತ್ತು. ಅದು ಯಾರನ್ನು ಕೇಳಿ ಬರುತ್ತದೆ? ರೋಮಿಯೋಗೆ ತಲುಪಿದ್ದು ಸಾವಿನ ಸುದ್ದಿ ಮಾತ್ರ. ಅವನು ವಿಷ ಕುಡಿದ ಸ್ವಲ್ಪ ಹೊತ್ತಿಗೇ ಅವಳು ಕಣ್ಣು ಬಿಟ್ಟಳು.

ವಿರೋಧ

ಪತ್ರ ತಲುಪಲಿಲ್ಲ, ಒಪ್ಪಿದೆ. ಅಂಥ ಪತ್ರ ಬರೆಯುವ ಪರಿಸ್ಥಿತಿ ತಂದವರು ಯಾರು?

ಅಪ್ಪ ಕ್ಯಾಪುಲೆಟ್‌ನನ್ನೇ ನೋಡಿ. ಮಗಳಿಗೆ ಇನ್ನೂ 14 ತುಂಬಿಲ್ಲ. ಪ್ಯಾರಿಸ್ ಎಂಬ ಸಿರಿವಂತ ಯುವಕ ಹೆಣ್ಣು ಕೇಳಿದಾಗ ಇನ್ನೆರಡು ವರ್ಷ ಹೋಗಲಿ ಎಂದವನು ಇವನೇ. ಆಮೇಲೆ ದಿಢೀರನೆ ಗುರುವಾರವೇ ಮದುವೆ ಎಂದ. ಒಲ್ಲೆ ಎಂದ ಮಗಳಿಗೆ, ಭಿಕ್ಷೆ ಬೇಡಿ ಬೀದಿಯಲ್ಲಿ ಸಾಯಿ ಎಂದ. ಅವಳು ಒಪ್ಪಿದಂತೆ ನಟಿಸಿದಾಗ ಅದನ್ನೂ ಬುಧವಾರಕ್ಕೆ ಎಳೆದ. ಆ ಒಂದು ದಿನ ಉಳಿದಿದ್ದರೆ ಪತ್ರ ಕಳಿಸಲು ಬೇರೆ ದಾರಿ ಹುಡುಕಬಹುದಿತ್ತು, ಅಲ್ವಾ?

ರೋಮಿಯೋ ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್‌ನನ್ನು ಕೊಂದು, ವಿಧಿ ನನ್ನನ್ನು ಆಟ ಆಡಿಸಿತು ಎಂದು ಗೋಳಾಡುತ್ತಾನೆ. ಕತ್ತಿ ಹಿರಿದ ಕೈ ಅವನದೇ. ಪಾದ್ರಿಯ ಪತ್ರ ಬಂತಾ ಎಂದು ಕೇಳಿದವನು, ಇಲ್ಲ ಅಂದ ಕೂಡಲೇ ವಿಷ ಹುಡುಕಿಕೊಂಡು ಹೊರಟ. ವಿಷ ಮಾರಿದರೆ ಮರಣದಂಡನೆ ಎಂದು ಹಿಂಜರಿದ ಬಡ ಅಂಗಡಿಯವನ ಕೈಗೆ 40 ಡ್ಯುಕಾಟ್ ಚಿನ್ನದ ನಾಣ್ಯ ತುರುಕಿದ. ಒಂದು ದಿನ ಕಾಯಲಿಲ್ಲ.

ಬೈಲಹೊಂಗಲ ಸೀಮೆಯ ಸಂಗ್ಯಾ-ಬಾಳ್ಯಾ ಸಣ್ಣಾಟ ನೋಡುವಾಗ ನಮಗೆ ಸಿಟ್ಟು ಬರುವುದು ಗೆಳೆಯನಿಗೇ ದ್ರೋಹ ಬಗೆದ ಬಾಳ್ಯಾನ ಮೇಲೆ. ಅಲ್ಲಿ ಯಾರೂ ಗ್ರಹಗಳನ್ನು ಬೈಯುವುದಿಲ್ಲ. ಆದರೆ ಬೇರೆ ಜಾತಿಯವನನ್ನು ಮದುವೆಯಾದ ಹುಡುಗಿಯನ್ನು ಮನೆಯವರೇ ಕೊಂದ ಸುದ್ದಿ ಬಂದಾಗ, ‘ಪಾಪ, ಅವಳ ಹಣೆಬರಹ’ ಅಂದು ಸುಮ್ಮನಾಗುತ್ತೇವೆ. ಈ ಮಾತು ನನಗೆ ಸಹಿಸಲಾಗುವುದಿಲ್ಲ. ಕೊಂದವರು ಸಲೀಸಾಗಿ ಪಾರಾಗುವುದು ಇಂಥ ಮಾತಿನಿಂದಲೇ.

ನಾಟಕದ ಕೊನೆಗೆ ವೆರೋನಾದ ದೊರೆ, ಕೆಲವರಿಗೆ ಕ್ಷಮೆ, ಕೆಲವರಿಗೆ ಶಿಕ್ಷೆ ಎನ್ನುತ್ತಾನೆ. ನನ್ನನ್ನು ಕೇಳಿದರೆ, ಮೊದಲು ಅವನೆದುರು ನಿಂತು ಉತ್ತರ ಕೊಡಬೇಕಾದವನು ಕ್ಯಾಪುಲೆಟ್.