ಸಹಿ ಒಂದೇ ಸಾಕಂತೆ!
ಲಾರಿಗಳ ವಿಮೆ ನವೀಕರಿಸುವ ಸಮಯ ಬಂದರೆ ಏಜೆಂಟರಿಗೆ ಬೇಕಾದದ್ದು ಒಂದು ಸಹಿ. "ಕಳೆದ ವರ್ಷದ್ದೇ ಸಾರ್, ಏನೂ ಬದಲಾಗಿಲ್ಲ." ಬದಲಾಗಿಲ್ಲವೇ? ಹೊಸ ಟ್ರೇಲರ್ ಬಂದಿದೆ, ಚಾಲಕರು ಬೇರೆ, ಸಿಮೆಂಟ್ ಹೊರುತ್ತಿದ್ದ ಗಾಡಿ ಈಗ ಔಷಧಿ ಹೊರುತ್ತಿದೆ. ಲಾರಿಗೆ ವಿಮೆಯಿದ್ದ ಮಾತ್ರಕ್ಕೆ ಒಳಗಿನ ಸರಕಿಗೂ ಇದೆ ಎಂದಲ್ಲ. ಅದಕ್ಕೆ ಸಾಮಾನ್ಯವಾಗಿ ಬೇರೆಯೇ ರಕ್ಷಣೆ ಬೇಕು. ಅದನ್ನು ಕೊಂಡರೋ, ಕಾವಲಿಲ್ಲದೆ ನಿಲ್ಲಿಸಿದ ವಾಹನದಿಂದ ಕಳವಾದರೆ ಪರಿಹಾರವಿಲ್ಲ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿ ಕೊನೆಯ ಪುಟಗಳಲ್ಲೆಲ್ಲೋ ಇರುವೆಯಂಥ ಅಕ್ಷರಗಳಲ್ಲಿ ಅಡಗಿರುತ್ತದೆ. ಹಾಗಾದರೆ ಚಾಲಕ ಊಟಕ್ಕೂ ಇಳಿಯಬಾರದೇ? ಪ್ರೀಮಿಯಂ ಮಾತ್ರ ಮೊದಲ ಪುಟದಲ್ಲೇ, ದಪ್ಪಕ್ಷರದಲ್ಲಿ! ಶೈತ್ಯಯಂತ್ರ ಕೆಟ್ಟು ಔಷಧಿ ಹಾಳಾದರೆ ಯಾರು ಹೊಣೆ ಎಂದು ಕೇಳಿದರೆ, "ಕ್ಲೇಮ್ ಬಂದಾಗ ನೋಡೋಣ" ಎಂಬ ಉತ್ತರ. ಆಗ ನೋಡಿ ಮಾಡುವುದಾದರೂ ಏನು?